ಅಡ್ಡಗೋಡೆ ಮೇಲಿನ ಸ್ಟ್ರ್ಯಾಟಜಿ

ಮುಂದಿನ ವರ್ಷದ ಸ್ಟ್ರ್ಯಾಟಜಿಯನ್ನು ತಂಡಕ್ಕೆ ವಿವರಿಸುವ ದಿನ ಹತ್ತಿರ ಬಂತಾ? ಬಾಸ್‌ಗಳು ಗಾಬರಿ ಆಗಬೇಕಾಗಿಲ್ಲ. ಎಲ್ಲರಿಗೂ ಅರ್ಥವಾಗಲೇಬೇಕು ಅನ್ನೋ ಕಾನೂನು ಎಲ್ಲೂ ಇಲ್ಲ. ವಿವರಿಸಿದ್ದಕ್ಕೆ ದಾಖಲೆ ಇದ್ದರೆ ಸಾಕು.

ಮೊದಲು ಒಂದು ಸ್ಲೈಡ್ ಮಾಡಿಸಿ. ಮಧ್ಯದಲ್ಲಿ ದೊಡ್ಡ ವೃತ್ತ, ಅದರೊಳಗೆ 'ಗ್ರಾಹಕ'. (ಅವನನ್ನು ಯಾರೂ ಒಂದು ಮಾತು ಕೇಳಿರುವುದಿಲ್ಲ. ಆದರೂ ಮಧ್ಯದ ಜಾಗ ಅವನದೇ.) ವೃತ್ತದ ಸುತ್ತ ನಾಲ್ಕು ಕಂಬ. ವೃತ್ತಕ್ಕೆ ಕಂಬ ಯಾಕೆ ಅಂತ ಕೇಳಬಾರದು. ಕಂಬಗಳ ಹೆಸರು ಇನ್ನೋವೇಶನ್, ಎಕ್ಸಲೆನ್ಸ್, ಸಿನರ್ಜಿ. ನಾಲ್ಕನೆಯದಕ್ಕೆ ಏನೂ ಹೊಳೆಯದಿದ್ದರೆ 'ಪೀಪಲ್'. ಆಮೇಲೆ ಎಲ್ಲದರಿಂದ ಎಲ್ಲದಕ್ಕೂ ಬಾಣ ಎಳೆಯಿರಿ. ಬಾಣಕ್ಕೆ ಎರಡೂ ಕಡೆ ಮೊನೆ ಇರಲಿ. ಯಾವುದರಿಂದ ಯಾವುದು ಆಗುತ್ತೆ ಅಂತ ಯಾರೂ ನಿಮ್ಮನ್ನು ಹಿಡಿದು ನಿಲ್ಲಿಸಲಾಗದು.

ಈ ವಿದ್ಯೆಯಲ್ಲಿ ಅಮೆರಿಕದ ಸೇನೆಯನ್ನು ಮೀರಿಸುವುದು ಕಷ್ಟ. ಅಫ್ಘಾನಿಸ್ತಾನದ ಯುದ್ಧ ಎಷ್ಟು ಜಟಿಲ ಅಂತ ತೋರಿಸಲು ಅವರು ಒಂದು ಸ್ಲೈಡ್ ಮಾಡಿದ್ದರು. ಗೆರೆ ಮೇಲೆ ಗೆರೆ, ತಲೆಬುಡ ಸಿಗದ ಗೋಜಲು. ಅದನ್ನು ನೋಡಿದ ಜನರಲ್ ಸ್ಟಾನ್ಲಿ ಮೆಕ್‌ಕ್ರಿಸ್ಟಲ್, ಈ ಸ್ಲೈಡ್ ನಮಗೆ ಅರ್ಥವಾಗುವ ಹೊತ್ತಿಗೆ ಯುದ್ಧ ಗೆದ್ದಿರುತ್ತೇವೆ ಅಂದರಂತೆ. 2010ರಲ್ಲಿ ಇದು ಪತ್ರಿಕೆಗಳಲ್ಲಿ ಬಂತು. 2021ರಲ್ಲಿ ಸೇನೆ ಗಂಟುಮೂಟೆ ಕಟ್ಟಿ ವಾಪಸ್ ಹೊರಟಿತು. ಸ್ಲೈಡ್ ಅರ್ಥವಾಗಿತ್ತೋ ಇಲ್ಲವೋ ನೀವೇ ಲೆಕ್ಕ ಹಾಕಿ. ಆದರೂ ಆ ಜನರಲ್‌ಗೆ ಬಾಯಿಬಿಟ್ಟು ಹೇಳುವ ಧೈರ್ಯವಾದರೂ ಇತ್ತು. ಆಫೀಸಿನಲ್ಲಿ ಅಪ್ರೈಸಲ್ ಹತ್ತಿರ ಇರುವಾಗ ಯಾರು ಹೇಳ್ತಾರೆ?

ಕೆಲವರು ತಪ್ಪು ದಾರಿ ಹಿಡಿಸುತ್ತಾರೆ, ಹುಷಾರು. ಅಮೆಜಾನ್‌ನ ಜೆಫ್ ಬೆಜೋಸ್ 2004ರಲ್ಲಿ ತಮ್ಮ ಹಿರಿಯ ಅಧಿಕಾರಿಗಳ ಸಭೆಗಳಲ್ಲಿ ಪವರ್‌ಪಾಯಿಂಟನ್ನೇ ನಿಲ್ಲಿಸಿದರು. ಹೇಳಬೇಕಾದ್ದನ್ನು ಪೂರ್ತಿ ವಾಕ್ಯಗಳಲ್ಲಿ ಬರೆದು ತರಬೇಕು. ಹಾಗೆ ಬಂದದ್ದೇ ಅವರ ಆರು ಪುಟದ ಟಿಪ್ಪಣಿ. ಸಭೆ ಶುರುವಾಗುತ್ತಲೇ ಎಲ್ಲರೂ ಕೂತು ಅದನ್ನು ಓದಬೇಕು. ಇದರಷ್ಟು ಅಪಾಯ ಬೇರೆ ಇಲ್ಲ. ಸ್ಲೈಡ್‌ನಲ್ಲಿ 'ದಕ್ಷತೆಯ ಹೆಚ್ಚಳ' ಅಂತ ಬರೆದು ಮುಂದೆ ಹೋಗಬಹುದು. ಪೂರ್ತಿ ವಾಕ್ಯ ಬರೆಯಲು ಕೂತರೆ ಯಾರು ಹೆಚ್ಚಿಸ್ತಾರೆ, ಎಷ್ಟು, ಯಾವಾಗ, ಯಾರ ದುಡ್ಡಲ್ಲಿ ಅಂತೆಲ್ಲ ಬರೆಯಬೇಕಾಗುತ್ತೆ. ಅಲ್ಲಿಗೆ ಸಿಕ್ಕಿಬಿದ್ದಿರಿ.

ಇನ್ನೊಬ್ಬರು ಹಾರ್ವರ್ಡ್‌ನ ಮೈಕೆಲ್ ಪೋರ್ಟರ್. ಏನನ್ನು ಮಾಡಬಾರದು ಅಂತ ಆರಿಸಿಕೊಳ್ಳೋದೇ ಸ್ಟ್ರ್ಯಾಟಜಿಯ ತಿರುಳು ಅಂತ 1996ರಲ್ಲಿ ಬರೆದರು. ಬರೆಯೋದು ಸುಲಭ ಸ್ವಾಮಿ. ಮಾಡಬಾರದ್ದನ್ನು ಸ್ಲೈಡ್‌ಗೆ ಹಾಕಿದರೆ, ಆ ಕೆಲಸದ ಮುಖ್ಯಸ್ಥರು ಎದುರಿನ ಸಾಲಲ್ಲೇ ಕೈಕಟ್ಟಿ ಕೂತಿರುತ್ತಾರೆ! ಅವರ ಮುಖ ನೋಡಿಕೊಂಡು 'ಈ ಪ್ರಾಡಕ್ಟ್ ನಿಲ್ಲಿಸ್ತಿದ್ದೀವಿ' ಅನ್ನೋದಕ್ಕೆ ಗುಂಡಿಗೆ ಬೇಕು. ಅದಕ್ಕೇ ಅಡ್ಡಗೋಡೆ ಮೇಲೆ ದೀಪ ಇಡೋದು. ಕ್ವಾಲಿಟಿ ನಮ್ಮ ಮೊದಲ ಆದ್ಯತೆ. ಸ್ಪೀಡೂ ಮೊದಲ ಆದ್ಯತೆ. ಖರ್ಚು ಇಳಿಸೋದಂತೂ ಎಲ್ಲಕ್ಕಿಂತ ಮೊದಲ ಆದ್ಯತೆ. ಮೂರೂ ಒಂದಕ್ಕೊಂದು ಅಡ್ಡ ಬಂದಾಗ ಯಾವುದನ್ನು ಬಿಡಬೇಕು? 'ಬ್ಯಾಲೆನ್ಸ್ ಮಾಡಿ.' ಬ್ಯಾಲೆನ್ಸ್ ತಪ್ಪಿದರೆ ಬೀಳೋದು ಯಾರು ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ?

ಕೊನೆಗೆ 'ಎನಿ ಕ್ವೆಶ್ಚನ್ಸ್?' ಅನ್ನಿ. ಮೌನ. ಈ ಮೌನವನ್ನು ಒಪ್ಪಿಗೆ ಅಂತ ಮಿನಿಟ್ಸ್‌ಗೆ ಬರೆಸಬೇಕು. ಅಷ್ಟರಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕೈ ಎತ್ತುತ್ತಾಳೆ. ಪಕ್ಕದವರು ಕಣ್ಣಲ್ಲೇ ಬೇಡ ಅಂದರೂ ಕೇಳೋದಿಲ್ಲ.

'ಸರ್, ಹಾಗಾದ್ರೆ ಸೋಮವಾರದಿಂದ ನಾನು ಈಗ ಮಾಡ್ತಿರೋ ಕೆಲಸದಲ್ಲಿ ಯಾವುದನ್ನ ನಿಲ್ಲಿಸ್ಬೇಕು?'

'ಎಕ್ಸಲೆಂಟ್ ಕ್ವೆಶ್ಚನ್! ಆಫ್‌ಲೈನ್ ಮಾತಾಡೋಣ.'

ಆಫ್‌ಲೈನ್‌ಗೆ ಹೋದ ಪ್ರಶ್ನೆ ವಾಪಸ್ ಬಂದಿದ್ದನ್ನು ಯಾರೂ ಕಂಡಿಲ್ಲ.

ಮುಂದಿನದು ಮ್ಯಾನೇಜರ್‌ಗಳ ಪಾಲು. ತಮಗೆ ಅರ್ಥವಾಗದ್ದನ್ನು ಅವರು ಟೀಮ್ ಲೀಡ್‌ಗಳಿಗೆ ದಾಟಿಸುತ್ತಾರೆ. ಅವರು 'ಡೆಕ್ ಮೇಲ್ ಮಾಡಿದೀನಿ, ನೋಡ್ಕೊಳ್ಳಿ' ಅಂತ ಕೆಳಗಿನವರಿಗೆ ದಾಟಿಸುತ್ತಾರೆ. ಸಭೆಗೆ ಬರದಿದ್ದವರು ಲಿಫ್ಟ್ ಹತ್ತಿರ ಸಿಕ್ಕವರನ್ನು ಕೇಳುತ್ತಾರೆ, 'ಏನಂತೆ?' 'ಏನಿಲ್ಲ, ಎಲ್ಲ ಮೊದಲಿನ ಹಾಗೇ. ರಿಪೋರ್ಟ್‌ನಲ್ಲಿ ಒಂದು ಕಾಲಂ ಜಾಸ್ತಿ.' ನಾಲ್ಕು ಕಂಬ, ಒಂದು ವೃತ್ತ, ಅಷ್ಟೊಂದು ಬಾಣಗಳ ಸಾರವನ್ನು ಇಷ್ಟು ಚುಟುಕಾಗಿ ಬಾಸ್ ಕೂಡ ಹೇಳಿರಲಿಲ್ಲ.

ಸಂಜೆಯೊಳಗೆ ಎಲ್ಲರಿಗೂ ಒಂದು ಫಾರಂ ಬರುತ್ತೆ. 'ಸ್ಟ್ರ್ಯಾಟಜಿ ನಿಮಗೆ ಎಷ್ಟು ಸ್ಪಷ್ಟವಾಗಿದೆ? 5ಕ್ಕೆ ಎಷ್ಟು ಅಂಕ ಕೊಡ್ತೀರಿ? ಮುಕ್ತವಾಗಿ ಉತ್ತರಿಸಿ. ಹೆಸರು ಬರೆಯಬೇಕಾಗಿಲ್ಲ. ಉದ್ಯೋಗಿ ಸಂಖ್ಯೆ ಮಾತ್ರ ಕಡ್ಡಾಯ.'