ಬ್ರಾ ಸುಟ್ಟ ಕಥೆ: ಒಂದು ಸ್ಪಷ್ಟನೆ

ನಾನು ಸ್ತ್ರೀವಾದಿ ಎಂದು ಹೇಳಿಕೊಂಡ ಮೇಲೆ ನಮ್ಮ ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಫಾರ್ವರ್ಡ್ ಓಡಾಡುತ್ತಿದೆ: "ಸ್ತ್ರೀವಾದ ಶುರುವಾಗಿದ್ದೇ ಅಮೆರಿಕದ ಹೆಂಗಸರು ನಡುಬೀದಿಯಲ್ಲಿ ಬ್ರಾ ಸುಟ್ಟಾಗ." ಇದು ಸರಿಯಲ್ಲ.

1968ರ ಸೆಪ್ಟೆಂಬರ್ 7ರಂದು ಅಟ್ಲಾಂಟಿಕ್ ಸಿಟಿಯಲ್ಲಿ ಮಿಸ್ ಅಮೆರಿಕ ಸ್ಪರ್ಧೆ ಇತ್ತು. ಹೆಣ್ಣನ್ನು ಅಳೆದು ತೂಗಿ ಅಂಕ ಕೊಡೋದನ್ನು ವಿರೋಧಿಸಿ ಮಹಿಳೆಯರು ಹೊರಗೆ ಪ್ರತಿಭಟಿಸಿದರು. ಒಂದು ಕಸದ ಡಬ್ಬಿ ಇಟ್ಟು ಹೈಹೀಲ್ಸ್, ನಕಲಿ ರೆಪ್ಪೆಗೂದಲು, ನೆಲ ಒರೆಸುವ ಮಾಪ್, ಬ್ರಾ ಎಲ್ಲ ಅದಕ್ಕೆ ಎಸೆದರು. ಬೆಂಕಿ ಹಚ್ಚಲಿಲ್ಲ ಅಂತ ಸಂಘಟಕರು ಮತ್ತೆ ಮತ್ತೆ ಹೇಳಿದ್ದಾರೆ. ಸ್ವಲ್ಪ ಹೊತ್ತು ಬೆಂಕಿ ಇತ್ತು ಎಂದು ಸ್ಥಳೀಯ ಪತ್ರಿಕೆಯೊಂದು ಬರೆದದ್ದುಂಟು. ಆದರೆ ಫಾರ್ವರ್ಡಿನಲ್ಲಿರುವಂಥ ದೊಡ್ಡ ದಹನ ನಡೆದೇ ಇಲ್ಲ. ಆಗ ವಿಯೆಟ್ನಾಂ ಯುದ್ಧ ಬೇಡ ಅಂತ ಹುಡುಗರು ಸೇನಾ ಭರ್ತಿಯ ಕಾರ್ಡು ಸುಡುತ್ತಿದ್ದರು. ಪತ್ರಿಕೆಯವರು ಈ ಪ್ರತಿಭಟನೆಯನ್ನು ಅದಕ್ಕೆ ಜೋಡಿಸಿ ಬರೆದರು, "ಬ್ರಾ ಸುಡುವವರು" ಅನ್ನೋ ಹೆಸರು ಅಂಟಿಕೊಂಡಿತು.

ಇನ್ನು "ಶುರುವಾಗಿದ್ದು" ಅನ್ನೋ ಮಾತು. ಸಾವಿತ್ರಿಬಾಯಿ ಫುಲೆ ದಂಪತಿ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದದ್ದು 1848ರಲ್ಲಿ, 120 ವರ್ಷ ಮೊದಲೇ ಅಲ್ವಾ? ಪಾಠ ಮಾಡಲು ಹೋಗುವಾಗ ಜನ ಸಗಣಿ ಎಸೆಯುತ್ತಿದ್ದರು. ಅದಕ್ಕೇ ಆಕೆ ಇನ್ನೊಂದು ಸೀರೆ ಇಟ್ಟುಕೊಂಡೇ ಹೊರಡುತ್ತಿದ್ದರು. ನಾನು ಸ್ತ್ರೀವಾದಿ ಆಗಿದ್ದು ಇವರ ಬಗ್ಗೆ ಓದಿ. ದಯವಿಟ್ಟು ಆ ಫಾರ್ವರ್ಡ್ ಮುಂದೆ ಕಳಿಸಬೇಡಿ.