ಅಮೆರಿಕದ ಪ್ರತಿ ರೈತನಿಗೂ ಅರ್ಧ ಕೋಟಿ ಸಬ್ಸಿಡಿ? ಸತ್ಯಾಂಶ

ಅಮೆರಿಕದ ಪ್ರತಿಯೊಬ್ಬ ರೈತನಿಗೂ ಅಲ್ಲಿನ ಸರ್ಕಾರ ವರ್ಷಕ್ಕೆ ಸುಮಾರು 50 ಲಕ್ಷ ರೂಪಾಯಿ ನೀಡುತ್ತದೆ ಎಂಬ ಸಂದೇಶ ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಆಗಾಗ ಬರುತ್ತಿರುತ್ತದೆ. ಇದು ನಿಜವಲ್ಲ. ವಿಶ್ವ ವ್ಯಾಪಾರ ಸಂಸ್ಥೆಗೆ ಅಮೆರಿಕ ಸಲ್ಲಿಸುವ ವರದಿಯಲ್ಲಿನ ‘ದೇಶೀಯ ನೆರವಿನ’ ಒಟ್ಟು ಮೊತ್ತವನ್ನು ರೈತರ ಸಂಖ್ಯೆಯಿಂದ ಭಾಗಿಸಿದಾಗ ಇಂತಹ ಅಂಕಿ ಹುಟ್ಟುತ್ತದೆ; ಆದರೆ ಆ ಮೊತ್ತದ ಬಹುಪಾಲು, ಬಡ ಕುಟುಂಬಗಳು ದಿನಸಿ ಕೊಳ್ಳಲು ಪಡೆಯುವ ಆಹಾರ ನೆರವೇ ಹೊರತು ರೈತರ ಖಾತೆಗೆ ಸೇರುವ ಹಣವಲ್ಲ.

2017ರ ಅಮೆರಿಕದ ಕೃಷಿ ಗಣತಿಯ ಪ್ರಕಾರ, ಸುಮಾರು 20 ಲಕ್ಷ ಕೃಷಿ ಘಟಕಗಳಲ್ಲಿ ಸರ್ಕಾರದ ಹಣ ಪಡೆದವು ಮೂರರಲ್ಲಿ ಒಂದು ಪಾಲಿನಷ್ಟು ಮಾತ್ರ. ಪಡೆದವುಗಳ ಸರಾಸರಿ ಮೊತ್ತ 14 ಸಾವಿರ ಡಾಲರಿಗೂ ತುಸು ಕಡಿಮೆ. ಈ ಸರಾಸರಿಯೂ ಪೂರ್ಣ ಚಿತ್ರವಲ್ಲ. ಮೆಕ್ಕೆಜೋಳ, ಸೋಯಾ, ಗೋಧಿ, ಹತ್ತಿ ಬೆಳೆಯುವ ದೊಡ್ಡ ಹಿಡುವಳಿದಾರರಿಗೆ ಹೆಚ್ಚು ಹಣ ಹೋಗುತ್ತದೆ, ಅದೇ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂತಹ ಆಡಳಿತ ವಿಭಾಗ) ತರಕಾರಿ ಬೆಳೆಯುವವರಿಗೆ ಬಹಳ ಕಡಿಮೆ. (ಅಲ್ಲಿನ ಸಣ್ಣ ರೈತರ ದೂರೂ ಇದೇ.)

ಪರಿಶೀಲಿಸುವುದು ಕಷ್ಟವೇನಲ್ಲ. ಐದು ವರ್ಷಕ್ಕೊಮ್ಮೆ ನಡೆಯುವ ಈ ಗಣತಿಯ ಕೌಂಟಿವಾರು ಕೋಷ್ಟಕಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ‘ಸರ್ಕಾರಿ ಪಾವತಿ’ ಎಂಬ ಸಾಲಿನಲ್ಲಿ ಹಣ ಪಡೆದ ಘಟಕಗಳೆಷ್ಟು, ಒಟ್ಟು ಮೊತ್ತವೆಷ್ಟು ಎಂಬೆರಡನ್ನೂ ನೋಡಬೇಕು. ಸರಾಸರಿಯೊಂದನ್ನೇ ಹೇಳುವ ಯಾವುದೇ ಸಂದೇಶ ಬಂದಾಗ, ಭಾಗಿಸಿದ ಮೊತ್ತದೊಳಗೆ ಏನೇನು ಸೇರಿದೆ ಎಂದು ಮೊದಲು ಕೇಳಿಕೊಳ್ಳಬಹುದು.