ಫಿಲೋಮಿನಾ ಚರ್ಚಿನ ಚರಿತ್ರೆಯಲ್ಲಿ ಫಿಲೋಮಿನಮ್ಮನ ಕಥೆ ಬೇಕೇ?

ಪರ: ಕಥೆ ಬಂದ ಮೇಲೆ ಕಟ್ಟಡ ಬಂದದ್ದು

ಮೈಸೂರಿನ ಅಶೋಕ ರಸ್ತೆಯ ಚರ್ಚಿನ ಚರಿತ್ರೆ ಹೇಳಿ ಎಂದರೆ ಈಚೆಗೆ ಎಲ್ಲರೂ ಅಳತೆಪಟ್ಟಿ ಹಿಡಿದು ನಿಲ್ಲುತ್ತಾರೆ. ಅವಳಿ ಗೋಪುರ 175 ಅಡಿ, ಒಳಗೆ 800 ಜನರಿಗೆ ಜಾಗ, ಶೈಲಿ ನವ ಗೋಥಿಕ್, ಮಾದರಿ ಜರ್ಮನಿಯ ಕಲೋನ್ ನಗರದ ಚರ್ಚು. ಎಲ್ಲವೂ ಸರಿಯೇ. ಆದರೆ ಇಷ್ಟು ಎತ್ತರಕ್ಕೆ ಯಾರಿಗಾಗಿ ಕಟ್ಟಿದರು ಎಂದು ಒಂದು ಮಗು ಕೇಳಿದರೆ ಅಳತೆಪಟ್ಟಿ ಸುಮ್ಮನಾಗುತ್ತದೆ.

1802ರ ಮೇ ತಿಂಗಳು. ರೋಮಿನ ಪ್ರಿಸಿಲ್ಲಾ ನೆಲಸಮಾಧಿಗಳಲ್ಲಿ ಅಗೆಯುತ್ತಿದ್ದವರಿಗೆ ಮೂರು ಹೆಂಚುಬಿಲ್ಲೆಗಳಿಂದ ಮುಚ್ಚಿದ ಒಂದು ಗೂಡು ಸಿಕ್ಕಿತು. ಬಿಲ್ಲೆಗಳ ಮೇಲೆ ಕೆಂಪು ಬಣ್ಣದ ಅಕ್ಷರಗಳು: 'ಲುಮೆನಾ', 'ಪಾಕ್ಸ್ ತೆ', 'ಕುಮ್ ಫಿ'. ಅರ್ಥವಾಗದ ಮಾತು. ಮೊದಲ ಬಿಲ್ಲೆಯನ್ನು ಎತ್ತಿ ಕೊನೆಗಿಟ್ಟು ಓದಿದರೆ 'ಪಾಕ್ಸ್ ತೆಕುಮ್ ಫಿಲುಮೆನಾ'. ನಿನಗೆ ಶಾಂತಿಯಿರಲಿ, ಫಿಲುಮೆನಾ! ಒಳಗಿದ್ದದ್ದು ಹದಿಹರೆಯದ ಹುಡುಗಿಯೊಬ್ಬಳ ಎಲುಬುಗಳು.

ಮುಂದೆ ಸಂತಳೆಂದು ಭಕ್ತರು ಪೂಜಿಸಿದ ಆ ಹುಡುಗಿಯ ಪವಿತ್ರ ಅವಶೇಷವನ್ನು 1926ರಲ್ಲಿ, ಮಹಾರಾಜರ ಹುಜೂರ್ ಕಾರ್ಯದರ್ಶಿಯಾಗಿದ್ದ ತಂಬುಚೆಟ್ಟಿಯವರು ಪೋಪರ ಪ್ರತಿನಿಧಿ ಪೀಟರ್ ಪಿಸಾನಿಯವರಿಂದ ಪಡೆದು ಫಾದರ್ ಕೋಶೆ ಅವರಿಗೆ ಒಪ್ಪಿಸಿದರು. ಕೋಶೆ ಅರಮನೆಗೆ ಹೋಗಿ, ಅವಳ ಹೆಸರಿನಲ್ಲಿ ಚರ್ಚು ಕಟ್ಟಲು ನೆರವು ಕೇಳಿದರು. 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಇಟ್ಟರು. ದೈವಕರುಣೆ ಮತ್ತು ಮನುಷ್ಯರ ಕೃತಜ್ಞತೆ ಎಂಬ ಎರಡು ಬುನಾದಿಗಳ ಮೇಲೆ ಈ ಚರ್ಚು ಏಳಲಿದೆ ಎಂಬ ಅರ್ಥದ ಮಾತನ್ನೂ ಆಡಿದರು. ಇದರಲ್ಲಿ ಕಲ್ಲು ಬರುವುದು ಎಲ್ಲಕ್ಕಿಂತ ಕೊನೆಗೆ. ಕಥೆಯನ್ನು ಕಿತ್ತು ಹಾಕಿದರೆ ಆ ಗೋಪುರಗಳು ಯಾವುದೋ ಊರಿಂದ ದಾರಿ ತಪ್ಪಿ ಬಂದಂತೆ ಕಾಣುತ್ತವೆ.

1961ರಲ್ಲಿ ರೋಮಿನವರೇ ಅವಳ ಹಬ್ಬವನ್ನು ಕ್ಯಾಲೆಂಡರಿನಿಂದ ತೆಗೆದರಲ್ಲ ಎಂದು ಕೇಳುವವರಿದ್ದಾರೆ. ತೆಗೆಯಲಿ. ಕ್ಯಾಲೆಂಡರ್ ಗೋಡೆಗೆ ಮೊಳೆ ಹೊಡೆದು ತೂಗುಹಾಕುವ ವಸ್ತು, ಡಿಸೆಂಬರ್ ಕಳೆದರೆ ಅದರ ಹಿಂಬದಿಯಲ್ಲಿ ಪುಸ್ತಕಕ್ಕೆ ರಟ್ಟು ಹಾಕುತ್ತೇವೆ.

ನಾನು ಕ್ರೈಸ್ತನಲ್ಲ. ನನ್ನ ಅಮ್ಮನೂ ಅಲ್ಲ. ಅಣ್ಣ ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಗಣಿತದಲ್ಲಿ ಕೂತಾಗ ಅಮ್ಮ ಚಾಮುಂಡಿ ಬೆಟ್ಟ ಹತ್ತಿ ಬಂದಿದ್ದಳು, ನಂಜನಗೂಡಿಗೆ ಹೋಗಿ ಬಂದಿದ್ದಳು. ಯಾರೋ ಹೇಳಿದರೆಂದು ನಮ್ಮಿಬ್ಬರನ್ನೂ ಕರೆದುಕೊಂಡು ಫಿಲೋಮಿನಾ ಚರ್ಚಿಗೆ ಬಂದಳು. ಬಲಿಪೀಠದ ಕೆಳಗಿನ ನೆಲಮಾಳಿಗೆಗೆ ಇಳಿದೆವು. ಮೆಟ್ಟಿಲು ಇಕ್ಕಟ್ಟು, ಕರಗಿದ ಮೇಣದ ವಾಸನೆ. ಒರಗಿ ಮಲಗಿದ ಹುಡುಗಿಯ ಪ್ರತಿಮೆ ನೋಡಿದ ಅಮ್ಮ ಅಣ್ಣನ ಕಡೆ ತಿರುಗಿ, "ಮೆಲ್ಲಗೆ ಮಾತನಾಡು, ಮಗು ಮಲಗಿದೆ" ಎಂದಳು. ವಯಸ್ಸೆಷ್ಟಂತೆ ಎಂದು ಪಕ್ಕದಲ್ಲಿದ್ದ ಹೆಂಗಸನ್ನು ಕೇಳಿದಳು. ಹದಿಮೂರು ಎಂದು ತಿಳಿದಾಗ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಣ್ಣನ ಪರೀಕ್ಷೆ ಮರೆತೇಹೋಯಿತೇನೋ ಎಂದು ನನಗನ್ನಿಸಿತು.

ಹೊರಗೆ ಬರುವ ಓಣಿಯ ಗೋಡೆಗಳಲ್ಲಿ ಹೆಸರು ಕೆತ್ತಿದ ಕಲ್ಲುಗಳಿವೆ. ಅವು ದಾನಿಗಳ ಹೆಸರುಗಳು. ಅಮ್ಮನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಹರಕೆ ಫಲಿಸಿದವರ ಹೆಸರು ಎಂದುಕೊಂಡು ಒಂದೊಂದನ್ನೂ ಬೆರಳಿನಿಂದ ಮುಟ್ಟಿದಳು. "ನೋಡು, ಇಷ್ಟು ಜನ ಪಾಸಾಗಿದ್ದಾರೆ" ಎಂದು ಅಣ್ಣನಿಗೆ ಹೇಳಿದಳು. ಅಣ್ಣ ಆ ಸಲವೂ ಪಾಸಾಗಲಿಲ್ಲ, ಅದರ ಮುಂದಿನ ಸಲ ಆದ. ಅಮ್ಮ ಮಾತ್ರ ಅದನ್ನು ಫಿಲೋಮಿನಮ್ಮನ ಲೆಕ್ಕಕ್ಕೇ ಬರೆದಳು. ನಾಲ್ವಡಿಯವರು ಹೇಳಿದ ಕೃತಜ್ಞತೆಯ ಬುನಾದಿ ಎಂದರೆ ಏನೆಂದು ನನಗೆ ಗೊತ್ತಾದದ್ದು ಆ ಓಣಿಯಲ್ಲಿ.

ವಿರೋಧ: 1843ರ ಫಲಕ ಓದಿ

ಈ ಪಕ್ಷ ವಹಿಸಲು ಯಾರೂ ಒಪ್ಪದಿದ್ದಾಗ, ಇತಿಹಾಸದ ಮೇಷ್ಟ್ರಾಗಿದ್ದವನೆಂಬ ಕಾರಣಕ್ಕೆ ನನ್ನ ತಲೆಗೆ ಕಟ್ಟಿದ್ದಾರೆ. ನಾನು ಕೆಥೊಲಿಕ್. ನನ್ನ ಅಕ್ಕನ ಹೆಸರು ಫಿಲೋಮಿನಾ. ಆದ್ದರಿಂದ ಮೆಲ್ಲಗೆ ಬರೆಯುತ್ತೇನೆ.

ಮೊದಲನೆಯದಾಗಿ, ಆ ಜಾಗದಲ್ಲಿ ಚರ್ಚು ಬಂದದ್ದು 1843ರಲ್ಲಿ. ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. ಹನ್ನೆರಡು ವರ್ಷ ಮೊದಲೇ, 1831ರಲ್ಲಿ, ಆಡಳಿತವನ್ನು ಬ್ರಿಟಿಷರು ಅವರ ಕೈಯಿಂದ ಕಿತ್ತುಕೊಂಡಿದ್ದರು. ರಾಜ್ಯಭಾರ ಕಳೆದುಕೊಂಡ ಹಿಂದೂ ಅರಸ ಚರ್ಚು ಕಟ್ಟಿಸುತ್ತಾನೆ. ಈಗಿನ ಕಟ್ಟಡಕ್ಕೆ ಅಡಿಪಾಯ ಹಾಕುವಾಗ ಸಿಕ್ಕ ಹಳೆಯ ಫಲಕದಲ್ಲಿ, ವಿಶ್ವವನ್ನು ಸೃಷ್ಟಿಸಿ, ಕಾಪಾಡಿ, ಆಳುವ ಒಬ್ಬನೇ ದೇವರ ಹೆಸರಿನಲ್ಲಿ, ಲೋಕಕ್ಕೆ ಬೆಳಕಾದ ಯೇಸುಕ್ರಿಸ್ತ ಮನುಷ್ಯನಾಗಿ ಅವತರಿಸಿದ 1843 ವರ್ಷಗಳ ಮೇಲೆ ಈ ಚರ್ಚು ಕಟ್ಟಲಾಯಿತು ಎಂಬ ಒಕ್ಕಣೆಯಿದೆ. ನಮ್ಮ ಶಾಸನಗಳ ಧಾಟಿಯೇ ಇದು! ಮೂವತ್ತು ವರ್ಷ ತರಗತಿಯಲ್ಲಿ ಕೂಗಿದ್ದೇನೆ, ಇನ್ನೊಮ್ಮೆ ಕೂಗುತ್ತೇನೆ: ಮೊದಲು ಆ ಫಲಕ ಓದಿ. ಅದರಲ್ಲಿ ಫಿಲೋಮಿನಾಳ ಹೆಸರಿಲ್ಲ. ಅವಶೇಷ ಬರುವ ಮೊದಲು 83 ವರ್ಷ ಅಲ್ಲಿ ಅವಳಿಲ್ಲದೆಯೇ ಪೂಜೆ ನಡೆಯಲಿಲ್ಲವೇ? ಅವಶೇಷ ಬಂದದ್ದರಿಂದಲೇ ಈಗಿನ ಕಟ್ಟಡ ಎದ್ದಿತು ಎಂಬ ವಾದವಿದೆ. ಅದಕ್ಕೆ 1926 ಎಂಬ ಇಸವಿ ಸಾಕು.

ಆ ಮೂರು ಬಿಲ್ಲೆಗಳ ವಿಷಯ. ಅವು ಹಳೆಯ ಗೋರಿಯೊಂದರಿಂದ ತೆಗೆದು ಮರುಬಳಸಿದವು, ಅದಕ್ಕೇ ಅಕ್ಷರಗಳ ಕ್ರಮ ತಪ್ಪಿದೆ ಎಂದು ಪುರಾತತ್ವ ಬಲ್ಲವರು ವಾದಿಸಿದ್ದಾರೆ. ಹಾಗಿದ್ದರೆ ಹೆಸರು ಒಬ್ಬರದು, ಎಲುಬು ಇನ್ನೊಬ್ಬರದು. ಫಿಲೋಮಿನಾ ಗ್ರೀಕ್ ರಾಜಕುಮಾರಿ, ಅವಳಿಗೆ ರೋಮಿನ ಚಕ್ರವರ್ತಿ ಡಯೊಕ್ಲೀಷಿಯನ್ ಕೊಟ್ಟ ಹಿಂಸೆ, ಇದೆಲ್ಲ 1830ರ ದಶಕದಲ್ಲಿ ನೇಪಲ್ಸಿನ ಸನ್ಯಾಸಿನಿಯೊಬ್ಬರು ತಮಗೆ ದರ್ಶನದಲ್ಲಿ ತಿಳಿಯಿತೆಂದು ಹೇಳಿದ್ದು. ಫ್ರಾನ್ಸಿನ ಆರ್ಸ್ ಊರಿನ ಗುರು ಸಂತ ಜಾನ್ ವಿಯಾನ್ನಿ ಫಿಲೋಮಿನಾಳನ್ನು ಅಷ್ಟು ನಂಬಿದ್ದರು ಎಂಬುದು ನಿಜ. ಅದನ್ನು ನಾನು ಅಲ್ಲಗಳೆಯುವುದಿಲ್ಲ, ಅಕ್ಕ ಓದುತ್ತಾಳೆ.

ಎದುರು ಪಕ್ಷದವರ ಪ್ರಕಾರ ಚರಿತ್ರೆ ಎಂದರೆ ಅಮ್ಮ ಅತ್ತ ಕಡೆಯೆಲ್ಲ ಒಂದೊಂದು ಅಧ್ಯಾಯ. ಗಣಿತದಲ್ಲಿ ಕೂತ ಅಣ್ಣಂದಿರನ್ನೆಲ್ಲ ಸೇರಿಸುತ್ತ ಹೋದರೆ ಪುಸ್ತಕ ಕಲೋನ್ ಚರ್ಚಿನಷ್ಟೇ ದಪ್ಪವಾದೀತು. ಒಮ್ಮೆ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಿದ್ದೆ. ಗೈಡ್ ಒಬ್ಬ ರಾಜಕುಮಾರಿಯ ಕಥೆಯನ್ನು ಮುಕ್ಕಾಲು ಗಂಟೆ ಹೇಳಿದ. ಒಡೆಯರ ಹೆಸರು ಒಂದು ಸಲವೂ ಬಾಯಿಗೆ ಬರಲಿಲ್ಲ. ಮರುದಿನ ಪರೀಕ್ಷೆಯಲ್ಲಿ ಹುಡುಗನೊಬ್ಬ, ಫಿಲೋಮಿನಾ ಮೈಸೂರಿನ ರಾಣಿ, ಅವಳ ನೆನಪಿಗೆ ಈ ಚರ್ಚು ಎಂದು ಬರೆದ. ಅರ್ಧ ಅಂಕ ಕೊಟ್ಟೆ, ಅಕ್ಷರ ದುಂಡಗಿದ್ದವು.

ನೆಲಮಾಳಿಗೆಗೆ ನಾನೂ ಇಳಿಯುತ್ತೇನೆ, ಮೇಣದ ಬತ್ತಿಯನ್ನೂ ಹಚ್ಚುತ್ತೇನೆ. ಅದು ಭಕ್ತಿ, ಅದಕ್ಕೆ ಫಲಕ ಬೇಡ. ಆದರೆ ಹೊರಗೆ ಚರಿತ್ರೆ ಎಂದು ಬರೆಯುವ ಕಡೆ 1843, 1926, 1933 ಇರಲಿ. ಇನ್ನೊಂದು ಮಾತು. ಈ ಪ್ರಧಾನಾಲಯದ ಪೂರ್ತಿ ಹೆಸರು ಸಂತ ಜೋಸೆಫ್ ಮತ್ತು ಸಂತ ಫಿಲೋಮಿನಾ. ಆಟೊದವರಿಗೆ ಜೋಸೆಫರ ಚರ್ಚು ಎಂದರೆ ಇನ್ನೆಲ್ಲಿಗೋ ಕರೆದೊಯ್ಯುತ್ತಾರೆ. ಫಲಕ ಬರೆಸುವವರು ಬಡಗಿಯಾಗಿದ್ದ ಆ ಜೋಸೆಫರ ಹೆಸರಿಗೂ ಒಂದು ಸಾಲು ಬಿಡಲಿ.